ಫೋಟೋ ರಾಶಿಯ ಜೊತೆ ಟರ್ಮಿನಲ್ ಕಲಿಯಿರಿ

ಫೋನಿನಿಂದ ಇಳಿಸಿದ ಸಾವಿರಾರು ಫೋಟೋ ಒಂದೇ ಫೋಲ್ಡರ್‌ನಲ್ಲಿ ಬಿದ್ದಿವೆಯಾ? ಮೌಸ್ ಹಿಡಿದು ಎಳೆಯುತ್ತಾ ಕೂರಬೇಡಿ, ಕಮಾಂಡ್ ಲೈನ್ (ಆಜ್ಞೆ ಟೈಪ್ ಮಾಡಿ ಕಂಪ್ಯೂಟರ್‌ನಿಂದ ಕೆಲಸ ಮಾಡಿಸುವ ವಿಧಾನ) ಕಲಿಯೋಕೆ ಇದಕ್ಕಿಂತ ಒಳ್ಳೆ ಕೆಲಸ ಸಿಗುವುದಿಲ್ಲ. ಉಬುಂಟುವಿನಲ್ಲಿ (ವಿಂಡೋಸ್‌ನಂಥ ಒಂದು ಆಪರೇಟಿಂಗ್ ಸಿಸ್ಟಂ) ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ, ಕಮಾಂಡ್ ಬರೆಯುವ ಕಿಟಕಿ, ಅಂದರೆ ಟರ್ಮಿನಲ್, ತೆರೆಯುತ್ತದೆ. ಕಮಾಂಡ್‌ಗಳನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಟೈಪ್ ಮಾಡಬೇಕು, ಫೈಲ್ ಮತ್ತು ಫೋಲ್ಡರ್ ಹೆಸರನ್ನು ಮಾತ್ರ ಅದು ಇರುವ ಹಾಗೇ, ದೊಡ್ಡ ಅಕ್ಷರವಿದ್ದರೆ ದೊಡ್ಡದರಲ್ಲೇ.

ಮೊದಲು ಓಡಾಟ. ನೀವು ಎಲ್ಲಿದ್ದೀರಿ ಅಂತ ಪಿಡಬ್ಲ್ಯುಡಿ ಹೇಳುತ್ತದೆ, ಅಲ್ಲಿ ಏನೇನಿದೆ ಅಂತ ಎಲ್‌ಎಸ್ ತೋರಿಸುತ್ತದೆ. ಸಿಡಿ ಬರೆದು ಫೋಲ್ಡರ್ ಹೆಸರು ಕೊಟ್ಟರೆ ಒಳಗೆ, ಸಿಡಿ ಆದಮೇಲೆ ಜಾಗ ಬಿಟ್ಟು ಎರಡು ಚುಕ್ಕಿ ಇಟ್ಟರೆ ಒಂದು ಮೆಟ್ಟಿಲು ಮೇಲೆ. ಹೆಸರು ಪೂರ್ತಿ ಟೈಪ್ ಮಾಡಬೇಡಿ, ಮೊದಲ ಮೂರು ನಾಲ್ಕು ಅಕ್ಷರ ಹೊಡೆದು ಟ್ಯಾಬ್ ಒತ್ತಿ, ಉಳಿದದ್ದನ್ನು ಅದೇ ತುಂಬುತ್ತದೆ.

ಈಗ ಅಸಲಿ ಕೆಲಸ. ಹಲವು ಫೋನ್‌ಗಳಲ್ಲಿ ಫೋಟೋ ಹೆಸರಿನಲ್ಲೇ ತಾರೀಕು ಇರುತ್ತದೆ, ಅಲ್ವಾ? ಹಾಗಾಗಿ ಎಂಕೆಡಿಐಆರ್ ಬಳಸಿ 2024 ಅಂತ ಒಂದು ಫೋಲ್ಡರ್ ಮಾಡಿ, ಆಮೇಲೆ ಹೀಗೆ ಬರೆಯಿರಿ:

ಎಲ್‌ಎಸ್ ಐಎಂಜಿ_2024*

ನಕ್ಷತ್ರ ಅಂದರೆ 'ಮುಂದೆ ಏನಿದ್ದರೂ ಸರಿ' ಅಂತ. ಬಂದ ಪಟ್ಟಿ ಸರಿಯಿದೆಯಾ ನೋಡಿ. ಸರಿಯಿದ್ದರೆ ಮೇಲಿನ ಬಾಣದ ಕೀ ಒತ್ತಿ, ಅದೇ ಸಾಲು ಮತ್ತೆ ಬರುತ್ತದೆ, ಎಲ್‌ಎಸ್ ಜಾಗದಲ್ಲಿ ಎಂವಿ (ಫೈಲನ್ನು ಬೇರೆ ಕಡೆಗೆ ಸಾಗಿಸುವ ಕಮಾಂಡ್) ಹಾಕಿ, ಕೊನೆಗೆ ಜಾಗ ಬಿಟ್ಟು 2024/ ಸೇರಿಸಿ ಎಂಟರ್ ಹೊಡೆಯಿರಿ. ಸಾವಿರಾರು ಫೋಟೋ ಇದ್ದರೂ, ಎಲ್ಲ ಒಂದೇ ಏಟಿಗೆ ಹೋಗುತ್ತವೆ.

ಈ 'ಮೊದಲು ಎಲ್‌ಎಸ್' ಅಭ್ಯಾಸ ಬಿಡಲೇಬೇಡಿ. ಟರ್ಮಿನಲ್ ಕೇಳಿದ್ದನ್ನು ಮರುಮಾತಿಲ್ಲದೆ ಮಾಡಿಬಿಡುತ್ತದೆ. ಎಂವಿ ಸಾಲಿನಲ್ಲಿ ಆ ಕೊನೆಯ 2024/ ಮರೆತಿರಿ, ಪಟ್ಟಿಯಲ್ಲಿ ಎರಡೇ ಫೋಟೋ ಇವೆ ಅಂತಿಟ್ಟುಕೊಳ್ಳಿ: ಮೊದಲನೆಯದು ಎರಡನೆಯದರ ಹೆಸರು ಪಡೆದು ಅದರ ಮೇಲೇ ಕೂರುತ್ತದೆ, ಎರಡನೇ ಫೋಟೋ ಹೋಯಿತು. ಅದಕ್ಕೇ ಎಂವಿ ಆದಮೇಲೆ -ಐ ಹಾಕಿ, ಹೀಗೆ ಹಳೆಯದರ ಮೇಲೆ ಬರೆಯುವ ಮುಂಚೆ ಅದು ನಿಮ್ಮನ್ನು ಕೇಳುತ್ತದೆ. ನಕಲು ಸಾಕು ಅಂದರೆ ಸಿಪಿ, ಇಡೀ ಫೋಲ್ಡರ್ ನಕಲು ಬೇಕಾದರೆ ಸಿಪಿ -ಆರ್.

ಫೈಲ್ ಅಳಿಸುವ ಆರ್‌ಎಂ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು, ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ. ನಕ್ಷತ್ರದ ಹಿಂದೆ ಒಂದು ಸ್ಪೇಸ್ ತಪ್ಪಿ ಬಿದ್ದರೂ ಆ ನಕ್ಷತ್ರ ಒಂಟಿಯಾಗಿ ನಿಂತು ಫೋಲ್ಡರ್‌ನ ಎಲ್ಲ ಫೈಲ್‌ಗಳನ್ನೂ ಅಳಿಸಿಬಿಡುತ್ತದೆ. ಖಾಲಿ ಫೋಲ್ಡರ್ ತೆಗೆಯಲು ಆರ್‌ಎಂ ಬೇಡವೇ ಬೇಡ, ಆರ್‌ಎಂಡಿಐಆರ್ ಬಳಸಿ. ಒಳಗೆ ಒಂದು ಫೈಲ್ ಉಳಿದಿದ್ದರೂ ಅದು ಅಳಿಸಲು ಒಪ್ಪುವುದಿಲ್ಲ.