ಮೊಣಕಾಲು ಆಪರೇಷನ್: ಬೆನ್ನಿಗೆ ಸೂಜಿಯೋ, ಪೂರ್ತಿ ಮತ್ತೋ?

ಮೊಣಕಾಲು ಸವೆದು ನೆಲದ ಮೇಲೆ ಕೂತು ಏಳುವುದೇ ಕಷ್ಟವಾದಾಗ ಕಲಬುರಗಿ ಭಾಗದ ಮನೆಗಳಲ್ಲಿ ಎರಡು ವಿಷಯಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಆಪರೇಷನ್ ಇಲ್ಲೇ ಮಾಡಿಸುವುದೋ, ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವುದೋ ಎಂಬುದು ಒಂದು. ಖರ್ಚೆಷ್ಟು ಎಂಬುದು ಇನ್ನೊಂದು. ಅರಿವಳಿಕೆಯ ಮಾತು ಬರುವುದು ಹಿಂದಿನ ಸಂಜೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ. ಅಷ್ಟು ಹೊತ್ತಿಗೆ ನಿಲ್ಲಿಸಬೇಕಾಗಿದ್ದ ಮಾತ್ರೆಗಳನ್ನು ನಿಲ್ಲಿಸುವ ದಿನ ದಾಟಿಹೋಗಿರುತ್ತದೆ, ರೋಗಿಗೆ ಇದ್ದ ಆಯ್ಕೆಗಳಲ್ಲಿ ಒಂದು ತಾನಾಗಿಯೇ ಕೈಬಿಟ್ಟಿರುತ್ತದೆ. ಆದ್ದರಿಂದ ಅರಿವಳಿಕೆಯ ವಿಚಾರವನ್ನು ಕನಿಷ್ಠ 10 ದಿನ ಮುಂಚೆಯೇ ಕೈಗೆತ್ತಿಕೊಳ್ಳುವುದು ಒಳ್ಳೆಯದು.

ಮೊದಲು ಯಾವ ಆಪರೇಷನ್ ಎಂದು ಕೇಳಿ

ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಸಾಕೇ ಎಂದು ಅನೇಕರು ಕೇಳುತ್ತಾರೆ. ಇದಕ್ಕೆ ಉತ್ತರ ಆಪರೇಷನ್ನಿನ ಸ್ವರೂಪದಲ್ಲಿದೆ. ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ಕೊಳವೆ ತೂರಿಸಿ ಕೀಲಿನ ಒಳಗನ್ನು ನೋಡುವ, ಹರಿದ ಮೆತ್ತೆಯ ಚೂರನ್ನು ಕತ್ತರಿಸಿ ತೆಗೆಯುವಂತಹ ಸಣ್ಣ ಆರ್ಥ್ರೋಸ್ಕೋಪಿಯನ್ನು ಮೊಣಕಾಲಿನ ಸುತ್ತ ಹಾಗೂ ಕೀಲಿನೊಳಗೆ ಔಷಧಿ ಚುಚ್ಚಿ, ಜೊತೆಗೆ ಮಂಪರು ಬರುವ ಔಷಧಿ ಕೊಟ್ಟು ಮಾಡಬಹುದು. ಆದರೆ ಹರಿದ ಲಿಗಮೆಂಟ್ ಮರುಜೋಡಣೆ ಅಥವಾ ಕೀಲು ಬದಲಾವಣೆಗೆ ಅದು ಸಾಲದು. ಕೀಲು ಬದಲಾವಣೆಯಲ್ಲಿ ತೊಡೆಯ ಮೂಳೆಯ ತುದಿಯನ್ನೂ ಕಣಕಾಲಿನ ಮೂಳೆಯ ತುದಿಯನ್ನೂ ಗರಗಸದಿಂದ ಕೊರೆದು ಲೋಹದ ಭಾಗ ಕೂಡಿಸುತ್ತಾರೆ. ಜೊತೆಗೆ ರಕ್ತ ಹರಿಯದಂತೆ ತೊಡೆಗೆ ಗಾಳಿ ತುಂಬಿದ ಅಗಲ ಪಟ್ಟಿ ಬಿಗಿಯುವುದು ರೂಢಿ. ಆ ಪಟ್ಟಿಯ ಬಿಗಿತವೇ ಸ್ವಲ್ಪ ಹೊತ್ತಿನಲ್ಲಿ ತಡೆಯಲಾರದಷ್ಟು ನೋವು ಕೊಡುತ್ತದೆ. ಮೊಣಕಾಲಿಗೆ ಕೊಟ್ಟ ಇಂಜೆಕ್ಷನ್ ತೊಡೆಯವರೆಗೆ ಏರುವುದಿಲ್ಲ. ಹೀಗಾಗಿ ದೊಡ್ಡ ಆಪರೇಷನ್ನಿನಲ್ಲಿ ನಿಜವಾದ ಆಯ್ಕೆ ಇರುವುದು ಬೆನ್ನಿನ ಮೂಲಕ ಸೊಂಟದ ಕೆಳಗೆ ಮರಗಟ್ಟಿಸುವ ಸ್ಪೈನಲ್ ಮತ್ತು ಪೂರ್ತಿ ಪ್ರಜ್ಞೆ ತಪ್ಪಿಸುವ ಜನರಲ್ ಅರಿವಳಿಕೆಗಳ ನಡುವೆ.

ಬೆನ್ನಿನ ಸೂಜಿ ಎಂದರೆ ಏನು

ರೋಗಿಯನ್ನು ಮೇಜಿನ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿ, ಇಲ್ಲವೇ ಮಗ್ಗುಲಾಗಿ ಮಲಗಿಸಿ, ಗದ್ದ ಎದೆಗೆ ತಾಗುವಂತೆ ಬಾಗಲು ಹೇಳುತ್ತಾರೆ. ಬೆನ್ನುಹುರಿ ವಯಸ್ಕರಲ್ಲಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುಕದ ಹತ್ತಿರವೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕೂ ಕೆಳಗೆ, ಸಾಮಾನ್ಯವಾಗಿ ಮೂರು ಮತ್ತು ನಾಲ್ಕನೆಯ ಕಶೇರುಕಗಳ ನಡುವೆ, ನರಗಳನ್ನು ಸುತ್ತುವರಿದ ದ್ರವದೊಳಕ್ಕೆ. ಕೊಡುವ ಔಷಧಿ, ಹೆಚ್ಚಾಗಿ ಬ್ಯುಪಿವಕೇನ್, ಎರಡು ಮೂರು ಮಿಲಿಲೀಟರಿನಷ್ಟು ಮಾತ್ರ. ಮೊದಲು ಪಾದಗಳು ಬೆಚ್ಚಗಾಗುತ್ತವೆ, ಬಳಿಕ ಭಾರವಾಗುತ್ತವೆ, 5ರಿಂದ 10 ನಿಮಿಷದಲ್ಲಿ ಕಾಲು ಎತ್ತಲು ಹೋದರೆ ಏಳುವುದಿಲ್ಲ. ವೈದ್ಯರು ಸ್ಪಿರಿಟ್ ಹಚ್ಚಿದ ಹತ್ತಿಯನ್ನು ತೊಡೆಯಿಂದ ಹೊಟ್ಟೆಯವರೆಗೆ ಮುಟ್ಟಿಸುತ್ತ ತಂಪು ಎಲ್ಲಿಂದ ತಿಳಿಯುತ್ತದೆ ಎಂದು ಕೇಳುತ್ತಾರೆ. ತಂಪು ಗೊತ್ತಾಗದ ಗಡಿ ಎಷ್ಟು ಮೇಲೆ ಬಂದಿದೆ ಎಂಬುದನ್ನು ನೋಡಿಯೇ ಚಾಕು ಹಿಡಿಯಲು ಅನುಮತಿ ಸಿಗುತ್ತದೆ. ಪರಿಣಾಮ ಎರಡು ಮೂರು ಗಂಟೆ ಉಳಿಯುತ್ತದೆ. ಒಂದು ಕೀಲಿನ ಬದಲಾವಣೆಗೆ ಇಷ್ಟು ಸಾಕು. ಒಂದೇ ಸಲಕ್ಕೆ ಎರಡೂ ಮೊಣಕಾಲು ಮಾಡುವುದಿದ್ದರೆ ಬೆನ್ನಿನಲ್ಲಿ ಸಣ್ಣ ಕೊಳವೆ ಬಿಟ್ಟು ಔಷಧಿ ಸೇರಿಸುತ್ತ ಹೋಗುವ ಎಪಿಡ್ಯೂರಲ್ ಜೊತೆಗೂಡಬಹುದು.

ಇದರಲ್ಲಿ ರೋಗಿ ತಾನೇ ಉಸಿರಾಡುತ್ತಾನೆ, ಗಂಟಲಿಗೆ ಕೊಳವೆ ಬೇಕಾಗುವುದಿಲ್ಲ, ಎದ್ದ ಮೇಲೆ ವಾಂತಿ ಕಡಿಮೆ, ಮೊದಲ ಕೆಲವು ಗಂಟೆ ನೋವೂ ಇರುವುದಿಲ್ಲ. ಅನಾನುಕೂಲಗಳೂ ಇವೆ: ರಕ್ತದೊತ್ತಡ ಇಳಿಯುವುದು, ನಡುಕ, ಮೂತ್ರ ಕಟ್ಟುವುದು, ಅಪರೂಪಕ್ಕೆ ತಲೆನೋವು. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಈ ವಿಧಾನವನ್ನು ಮೊದಲು ಪ್ರಯೋಗಿಸಿದ ಆಗಸ್ಟ್ ಬೀರ್ ಅದನ್ನು ತನ್ನ ಮೇಲೂ ಮಾಡಿಸಿಕೊಂಡು, ದ್ರವ ಸೋರಿ ಬಂದ ತಲೆನೋವಿನಿಂದ ಹಲವು ದಿನ ಹಾಸಿಗೆ ಹಿಡಿದಿದ್ದ. ಈಗ ಬಳಸುವ 25 ಅಥವಾ 27 ಗೇಜಿನ ಕೂದಲೆಳೆಯ ಸೂಜಿಗಳಿಂದಾಗಿ ಆ ತೊಂದರೆ ಬಹಳ ಕಡಿಮೆಯಾಗಿದೆ.

"ಬೆನ್ನಾಗ ಸೂಜಿ ಚುಚ್ಚಿದ್ರ ಆಮ್ಯಾಗ ಕಾಲೇ ಹೋಗ್ತಾವಂತಲ್ರೀ" ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಶಾಶ್ವತವಾಗಿ ನರಕ್ಕೆ ಪೆಟ್ಟಾಗುವ ಪ್ರಸಂಗಗಳು ಲಕ್ಷಕ್ಕೆ ಬೆರಳೆಣಿಕೆಯಷ್ಟು. ಜೀವನಪೂರ್ತಿ ಬೆನ್ನುನೋವು ಬರುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ.

ಇನ್ನೊಂದು ಅಂಜಿಕೆ ಶಬ್ದದ್ದು. ಎಚ್ಚರವಿರುವಾಗ ಸುತ್ತಿಗೆಯ ಪೆಟ್ಟು, ಗರಗಸದ ಸದ್ದು ಕೇಳಿಸುತ್ತದೆ, ಮೈ ಅಲುಗಾಡುವುದೂ ತಿಳಿಯುತ್ತದೆ. ಇದು ಕಾಲ್ಪನಿಕ ಭಯವಲ್ಲ, ಆದರೆ ಇದಕ್ಕಾಗಿ ಪೂರ್ತಿ ಅರಿವಳಿಕೆಯನ್ನೇ ಕೇಳಬೇಕಾಗಿಲ್ಲ. ಸ್ಪೈನಲ್ ಜೊತೆಗೆ ಹಗುರ ನಿದ್ದೆ ಬರುವ ಔಷಧಿ ಕೊಡಲು ಸಾಧ್ಯ. ಮುಂಚೆಯೇ ಹೇಳಿಕೊಳ್ಳಬೇಕು.

ಪೂರ್ತಿ ಅರಿವಳಿಕೆ ಮತ್ತು ನರದ ಬ್ಲಾಕ್

ಜನರಲ್ ಅರಿವಳಿಕೆಯಲ್ಲಿ ಪ್ರೊಪೊಫಾಲ್‌ನಂತಹ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟ ಅರೆ ನಿಮಿಷದಲ್ಲಿ ಪ್ರಜ್ಞೆ ಹೋಗುತ್ತದೆ. ಉಸಿರಿಗೆ ಗಂಟಲಿನಲ್ಲಿ ಕೊಳವೆ ಅಥವಾ ಮಾಸ್ಕ್ ಕೂಡಿಸುತ್ತಾರೆ. ಎದ್ದಾಗ ಗಂಟಲು ಕೆರೆತ, ಓಕರಿಕೆ, ಮಂಕು ಸಾಮಾನ್ಯ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲುಗಳ ವಿಷಯ ಮುಚ್ಚಿಡಬಾರದು.

ಯಾವುದು ಮೇಲು? 2019ರಲ್ಲಿ ಹಲವು ದೇಶಗಳ ತಜ್ಞರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ಅಡ್ಡಿಯಿಲ್ಲದಿದ್ದರೆ ಸೊಂಟ ಹಾಗೂ ಮೊಣಕಾಲು ಕೀಲು ಬದಲಾವಣೆಗೆ ಬೆನ್ನಿನ ಅರಿವಳಿಕೆಯನ್ನೇ ಆದ್ಯತೆಯಾಗಿ ಶಿಫಾರಸು ಮಾಡಿದರು. ಆದರೆ 2021ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟದ ಮೂಳೆ ಮುರಿದ 1600 ಜನರ ಮೇಲೆ ನಡೆದ ಪ್ರಯೋಗದಲ್ಲಿ, 60 ದಿನಗಳ ಬಳಿಕ ನಡೆಯುವ ಶಕ್ತಿಯಲ್ಲಾಗಲಿ ಸಾವಿನಲ್ಲಾಗಲಿ ಎರಡರ ನಡುವೆ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಅದು ಮೊಣಕಾಲಿನ ಪ್ರಯೋಗವಲ್ಲ, ನಿಜ. ಆದರೂ ಪೂರ್ತಿ ಅರಿವಳಿಕೆ ಎಂದರೆ ಅಪಾಯವೇ ಎಂಬ ಗಾಬರಿ ಬೇಡ ಎನ್ನಲು ಸಾಕು. ಎರಡೂ ಸಾಧ್ಯವಿದ್ದಾಗ ಸ್ಪೈನಲ್ ಕಡೆಗೆ ವಾಲುವುದು ಸರಿ ಎಂದು ನನಗನ್ನಿಸುತ್ತದೆ.

ಯಾವುದನ್ನೇ ಆಯ್ದರೂ ತೊಡೆಯ ಒಳಬದಿಯ ನರಕ್ಕೆ ಅಲ್ಟ್ರಾಸೌಂಡ್ ನೋಡಿಕೊಂಡು ಕೊಡುವ ಮರಗಟ್ಟಿಸುವ ಇಂಜೆಕ್ಷನ್, ಅಂದರೆ ಅಡಕ್ಟರ್ ಕೆನಾಲ್ ಬ್ಲಾಕ್ ಇದೆಯೇ ಎಂದು ಕೇಳಿ. ಇದು ಮೊದಲ ದಿನದ ನೋವನ್ನು ಇಳಿಸುತ್ತದೆ, ತೊಡೆಯ ಸ್ನಾಯುವಿನ ಬಲವನ್ನು ಬಹುಮಟ್ಟಿಗೆ ಉಳಿಸುತ್ತದೆ. ಹಾಗಾಗಿ ಬೇಗ ನಡೆಸಲು ಅನುಕೂಲ.

ನಿಮ್ಮ ದೇಹ ಏನು ಹೇಳುತ್ತದೆ

ಇಲ್ಲಿಯೇ ಹೆಚ್ಚಿನ ನಿರ್ಧಾರಗಳಾಗುತ್ತವೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಬೆನ್ನಿನ ಸೂಜಿಗೆ 5ರಿಂದ 7 ದಿನ ಮುಂಚೆ ಅದು ನಿಂತಿರಬೇಕು. ಅಂಥದ್ದೇ ಕೆಲಸದ ವಾರ್ಫರಿನ್ ಆದರೆ ಸುಮಾರು 5 ದಿನ, ಮೇಲೆ ರಕ್ತಪರೀಕ್ಷೆ. ಇಲ್ಲದಿದ್ದರೆ ಬೆನ್ನಿನೊಳಗೆ ರಕ್ತ ಶೇಖರವಾಗಿ ನರಗಳನ್ನು ಒತ್ತುವ ಅಪಾಯವಿದೆ. ಬರೀ ಆಸ್ಪಿರಿನ್ ಸಾಮಾನ್ಯವಾಗಿ ಅಡ್ಡಿಯಲ್ಲ. ಆದರೆ ಯಾವ ಮಾತ್ರೆಯನ್ನೂ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ಸ್ಟೆಂಟ್ ಕಟ್ಟಿಕೊಳ್ಳುವ ಅಪಾಯ ಅದಕ್ಕಿಂತ ದೊಡ್ಡದು. ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಯಲ್ಲಾಗಲಿ, ಬೇರೆಡೆಯಾಗಲಿ, ನಿಮ್ಮನ್ನು ನೋಡುವ ಹೃದ್ರೋಗ ತಜ್ಞರಿಂದ ಬರೆಸಿಕೊಂಡು ಬನ್ನಿ. ಹೃದಯದ ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾಗಿದ್ದರೆ ಸ್ಪೈನಲ್‌ನಿಂದ ರಕ್ತದೊತ್ತಡ ಥಟ್ಟನೆ ಇಳಿಯುವುದು ಅಪಾಯಕಾರಿ. ಅಂಥವರಿಗೆ ಬೇರೆ ದಾರಿ ಹುಡುಕುತ್ತಾರೆ.

ಗುಟ್ಕಾ ಹಾಗೂ ಅಡಿಕೆ ಅಗಿಯುವವರ ವಿಷಯ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ವರ್ಷಗಟ್ಟಲೆ ಅಗಿದ ಬಾಯಿಯ ಒಳಚರ್ಮ ಬಿಗಿದು, ಮೂರು ಬೆರಳು ಲಂಬವಾಗಿ ಹಿಡಿಯುವಷ್ಟೂ ಬಾಯಿ ತೆರೆಯುವುದಿಲ್ಲ. ಪೂರ್ತಿ ಅರಿವಳಿಕೆಗೆ ಬೇಕಾದ ಕೊಳವೆ ಹೋಗುವ ದಾರಿಯೇ ಅದು. ಕನ್ನಡಿಯ ಮುಂದೆ ನಿಂತು ನೀವೇ ನೋಡಿಕೊಳ್ಳಬಹುದು: ಮೂರು ಬೆರಳು ಹೋಗದಿದ್ದರೆ ಅರಿವಳಿಕೆ ತಜ್ಞರಿಗೆ ಮೊದಲ ಭೇಟಿಯಲ್ಲೇ ತಿಳಿಸಿ. ಅಂಥವರಿಗೆ ಸ್ಪೈನಲ್ ಹೆಚ್ಚು ಅನುಕೂಲ, ಆದರೂ ಅಗತ್ಯ ಬಿದ್ದರೆ ಕೊಳವೆ ಹಾಕಲು ವಿಶೇಷ ಸಿದ್ಧತೆ ಇರಬೇಕಾಗುತ್ತದೆ.

ಯಾದಗಿರಿ ಮತ್ತು ಕಲಬುರಗಿಯ ಕೆಲವು ಹಳ್ಳಿಗಳಲ್ಲಿ ಅಂತರ್ಜಲದ ಫ್ಲೋರೈಡ್ ಹೆಚ್ಚು. ದಶಕಗಳ ಕಾಲ ಅದನ್ನೇ ಕುಡಿದವರಲ್ಲಿ ಬೆನ್ನೆಲುಬಿನ ಬಂಧಗಳು ಗಟ್ಟಿಯಾಗಿ ಬೆನ್ನು ಬಾಗುವುದಿಲ್ಲ, ಸೂಜಿಗೆ ಸಂದು ಸಿಗುವುದಿಲ್ಲ. ಬೆನ್ನಿನ ಆಪರೇಷನ್ ಆಗಿದ್ದರೂ, ಚುಚ್ಚುವ ಜಾಗದಲ್ಲಿ ಹುಣ್ಣು ಅಥವಾ ಸೋಂಕು ಇದ್ದರೂ ಹೇಳಬೇಕು. ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದ್ದರೆ ಅದೂ ಮುಖ್ಯ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಅದನ್ನು 3 ದಿನ ಮುಂಚೆ ನಿಲ್ಲಿಸಲು ಹೇಳುವುದು ಈಗಿನ ರೂಢಿ.

ಪಿಎಸಿಗೆ ಹೋಗುವಾಗ

ಆಪರೇಷನ್‌ಗೆ ಮುಂಚಿನ ಅರಿವಳಿಕೆ ತಪಾಸಣೆಯನ್ನು ಆಸ್ಪತ್ರೆಯ ಸಿಬ್ಬಂದಿ ಪಿಎಸಿ ಎನ್ನುತ್ತಾರೆ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್‌ನಂತಹ ಬೋಧನಾ ಆಸ್ಪತ್ರೆಗಳಲ್ಲಿ ಅರಿವಳಿಕೆ ವಿಭಾಗವೇ ಇದನ್ನು ಮಾಡುತ್ತದೆ. ಸಣ್ಣ ಆಸ್ಪತ್ರೆಯಾದರೆ ಅರಿವಳಿಕೆ ತಜ್ಞರು ಯಾರು, ಯಾವಾಗ ಸಿಗುತ್ತಾರೆ ಎಂದು ಮೊದಲೇ ವಿಚಾರಿಸಿ. ಆಪರೇಷನ್ ದಿನವೇ ಮೊದಲ ಬಾರಿ ಮುಖ ನೋಡುವುದಾದರೆ ಆಯ್ಕೆ ಎಂಬುದು ಹೆಸರಿಗೆ ಮಾತ್ರ. ದಿನವೂ ನುಂಗುವ ಮಾತ್ರೆಗಳ ಪಟ್ಟಿಯ ಬದಲು ಮಾತ್ರೆಗಳ ಹಾಳೆಗಳನ್ನೇ ಚೀಲದಲ್ಲಿ ತನ್ನಿ, ಹಳೆಯ ಆಪರೇಷನ್ ಕಾಗದಗಳನ್ನೂ ತನ್ನಿ. ಹಿಂದೆ ಅರಿವಳಿಕೆಯಲ್ಲಿ ನಿಮಗಾಗಲಿ, ರಕ್ತಸಂಬಂಧಿಗಳಿಗಾಗಲಿ ತೊಂದರೆಯಾಗಿದ್ದರೆ ಮರೆಯದೆ ಹೇಳಿ. ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ: ನನಗೆ ಯಾವುದನ್ನು ಯೋಚಿಸಿದ್ದೀರಿ, ಯಾಕೆ, ಸ್ಪೈನಲ್ ಹಿಡಿಯದಿದ್ದರೆ ಮುಂದೇನು, ಮೊದಲ ರಾತ್ರಿಯ ನೋವಿಗೆ ಏನು ವ್ಯವಸ್ಥೆ. ಮೂರನೆಯ ಪ್ರಶ್ನೆಯ ಕಾರಣಕ್ಕೆ, ಸ್ಪೈನಲ್ ಎಂದು ಒಪ್ಪಿದವರೂ ಪೂರ್ತಿ ಅರಿವಳಿಕೆಗೂ ಒಪ್ಪಿಗೆ ಕೊಟ್ಟಿರಬೇಕು, ಹೊಟ್ಟೆ ಖಾಲಿ ಇಟ್ಟಿರಬೇಕು.

ಉಪವಾಸದ ಲೆಕ್ಕ ಹೀಗೆ: ಎಣ್ಣೆ, ಮಾಂಸದ ಊಟಕ್ಕೆ 8 ಗಂಟೆ, ಹಗುರ ಆಹಾರಕ್ಕೆ 6 ಗಂಟೆ, ಬರೀ ನೀರಿಗೆ 2 ಗಂಟೆ. ಹಾಲು ಹಾಕಿದ ಚಹಾ ನೀರಲ್ಲ, ಆಹಾರ; ನಸುಕಿನಲ್ಲಿ ಅರ್ಧ ಕಪ್ ಕುಡಿದು ಸುಮ್ಮನಿರುವವರಿಂದಲೇ ಎಷ್ಟೋ ಆಪರೇಷನ್‌ಗಳು ಮುಂದಕ್ಕೆ ಹೋಗುತ್ತವೆ. ಹಾಗೆಂದು ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ರಾತ್ರಿಯಿಂದಲೇ ನೀರು ಬಿಡುವುದೂ ಸರಿಯಲ್ಲ; ದೇಹ ಒಣಗಿದ್ದರೆ ಸ್ಪೈನಲ್‌ನಲ್ಲಿ ಒತ್ತಡ ಇನ್ನಷ್ಟು ಕುಸಿಯುತ್ತದೆ.

ಆಪರೇಷನ್ ಮುಗಿದ ಮೇಲೆ

ಮರಗಟ್ಟುವಿಕೆ ಪೂರ್ತಿ ಇಳಿಯುವ ತನಕ ಕಾಯಬೇಡಿ, ಪಾದಗಳಲ್ಲಿ ಜುಮ್ಮೆನ್ನತೊಡಗಿದ ಕೂಡಲೇ ನೋವಿನ ಔಷಧಿ ಕೇಳಿ. ಏರಿದ ನೋವನ್ನು ಇಳಿಸುವುದು ಕಷ್ಟ. ಸಿಬ್ಬಂದಿಯ ಆಸರೆಯಿಲ್ಲದೆ ಎದ್ದು ನಿಲ್ಲಬೇಡಿ. ಐದಾರು ಗಂಟೆಯಾದರೂ ಮೂತ್ರ ಬರದಿದ್ದರೆ ಸಂಕೋಚಪಡದೆ ತಿಳಿಸಿ. ಮುಂದಿನ ಎರಡು ಮೂರು ದಿನಗಳಲ್ಲಿ ಕೂತರೆ ಹೆಚ್ಚಾಗಿ, ಮಲಗಿದರೆ ಕಡಿಮೆಯಾಗುವ ತಲೆನೋವು ಬಂದರೆ ಅದು ಸೂಜಿಯ ತಲೆನೋವು. ಅದಕ್ಕೆ ಚಿಕಿತ್ಸೆ ಇದೆ, ಮನೆಯಲ್ಲಿ ಬಾಮ್ ಹಚ್ಚಿಕೊಂಡು ಕೂರಬೇಡಿ. ಇನ್ನು, ಆರೇಳು ಗಂಟೆಯಾದರೂ ಕಾಲಿಗೆ ಶಕ್ತಿ ಬಾರದಿದ್ದರೆ, ಅಥವಾ ಬಂದ ಶಕ್ತಿ ಮತ್ತೆ ಹೋಗಿ ಬೆನ್ನಿನಲ್ಲಿ ತೀವ್ರ ನೋವು ಶುರುವಾದರೆ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಡ್ಯೂಟಿ ವೈದ್ಯರನ್ನು ಎಬ್ಬಿಸಿ. ಬೆನ್ನಿನೊಳಗೆ ರಕ್ತ ಕಟ್ಟಿದ್ದರೆ ಕೆಲವೇ ಗಂಟೆಗಳೊಳಗೆ ಅದನ್ನು ತೆಗೆಯಬೇಕಾಗುತ್ತದೆ.