ಐಎಲ್28ಬಿ ಟೆಸ್ಟ್: ಲ್ಯಾಬಿನಲ್ಲಿ ನನ್ನ ಅನುಭವ

ಹೆಪಟೈಟಿಸ್ ಸಿ ವೈರಸ್ ತಗುಲಿದವರಲ್ಲಿ ಸುಮಾರು ಶೇ. 30ರಷ್ಟು ಜನಕ್ಕೆ ಔಷಧಿಯೇ ಬೇಕಾಗುವುದಿಲ್ಲ. ಆರು ತಿಂಗಳೊಳಗೆ ಅದು ತಾನಾಗೇ ಹೋಗುತ್ತದೆ. ಉಳಿದವರ ಲಿವರ್‌ನಲ್ಲಿ ಬೀಡುಬಿಡುತ್ತದೆ. ಯಾಕೆ ಹೀಗೆ? 2009ರಲ್ಲಿ ಒಂದು ದೊಡ್ಡ ಸುಳಿವು ಸಿಕ್ಕಿತು. 19ನೇ ಕ್ರೋಮೋಸೋಮ್‌ನಲ್ಲಿ ಐಎಲ್28ಬಿ ಜೀನ್ ಪಕ್ಕದ ಒಂದು ಜಾಗದಲ್ಲಿ ಕೆಲವರಿಗೆ ಡಿಎನ್‌ಎಯ ಸಿ ಅಕ್ಷರ, ಕೆಲವರಿಗೆ ಟಿ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುವುದರಿಂದ ಸಿಸಿ, ಸಿಟಿ, ಟಿಟಿ ಅಂತ ಮೂರು ಗುಂಪು. ಸಿಸಿ ಇದ್ದವರು ವೈರಸ್‌ನಿಂದ ತಾವಾಗೇ ಪಾರಾಗುವುದು ಜಾಸ್ತಿ. ಆಗ ಕೊಡುತ್ತಿದ್ದ ಇಂಟರ್‌ಫೆರಾನ್ (ವೈರಸ್ ವಿರುದ್ಧ ದೇಹವೇ ಮಾಡುವಂಥ ಪ್ರೋಟೀನ್) ಚಿಕಿತ್ಸೆಯೂ ಅವರಿಗೇ ಚೆನ್ನಾಗಿ ಹಿಡಿಸುತ್ತಿತ್ತು.

ಆ ಚಿಕಿತ್ಸೆ ಸುಲಭದ್ದಾಗಿರಲಿಲ್ಲ. ವಾರಕ್ಕೊಂದು ಇಂಜೆಕ್ಷನ್, ದಿನಾ ರಿಬಾವಿರಿನ್ ಮಾತ್ರೆ. ವೈರಸ್ 1ನೇ ಮಾದರಿಯದಾದರೆ 48 ವಾರ. ಜ್ವರ, ಸುಸ್ತು, ರಕ್ತ ಕಡಿಮೆಯಾಗುವುದು, ಮನಸ್ಸು ಕುಗ್ಗುವುದು. ಇದನ್ನೆಲ್ಲ ತಡೆದುಕೊಂಡರೆ ಫಲ ಸಿಗುತ್ತದಾ ಅಂತ ಮೊದಲೇ ಕೇಳುವುದು ಸಹಜ ಅಲ್ವಾ? ಅದಕ್ಕೇ ಈ ಟೆಸ್ಟ್ ಮಾಡುತ್ತಿದ್ದೆವು.

ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನ ರಕ್ತದಿಂದ ಡಿಎನ್‌ಎ ತೆಗೆದು, ಪಿಸಿಆರ್‌ನಲ್ಲಿ (ಡಿಎನ್‌ಎ ತುಂಡಿನ ಪ್ರತಿ ಮಾಡುವ ವಿಧಾನ) ಆ ಜಾಗವಿರುವ 242 ಅಕ್ಷರಗಳ ತುಂಡನ್ನು ಬೆಳೆಸುತ್ತಿದ್ದೆ. ಅದಕ್ಕೆ ಬಿಎಸ್‌ಟಿಯು-1 ಎಂಬ ಕಿಣ್ವ ಹಾಕಿ 60 ಡಿಗ್ರಿಯಲ್ಲಿ ಇಡಬೇಕು. ಸಿಜಿಸಿಜಿ ಎಂದಿರುವ ಕಡೆ ಅದು ಕತ್ತರಿಸುತ್ತದೆ. ಆಮೇಲೆ ತುಂಡುಗಳನ್ನು ಜೆಲ್‌ನಲ್ಲಿ ಕರೆಂಟ್ ಕೊಟ್ಟು ಓಡಿಸಿದರೆ ಉದ್ದಕ್ಕೆ ತಕ್ಕಂತೆ ಬೇರೆಬೇರೆ ಗೆರೆಗಳಾಗಿ (ಬ್ಯಾಂಡ್) ಕಾಣುತ್ತವೆ. ನಮ್ಮ ಜಾಗದಲ್ಲಿ ಸಿ ಇದ್ದರೆ 135 ಅಕ್ಷರದ ಬ್ಯಾಂಡ್ ಬರುತ್ತದೆ. ಟಿ ಇದ್ದರೆ ಕತ್ತರಿ ಬೀಳದೆ 160 ಹಾಗೇ ಉಳಿಯುತ್ತದೆ. ಎರಡೂ ಕಂಡರೆ ಸಿಟಿ.

ನಡುವಿನ ಅಂತರ ಬರೀ 25 ಅಕ್ಷರ. ತೆಳು ಜೆಲ್‌ನಲ್ಲಿ ಎರಡೂ ಅಂಟಿಕೊಂಡು ಕಾಣುತ್ತವೆ. 3% ಅಗರೋಸ್ (ಜೆಲ್ ಮಾಡುವ ಪುಡಿ) ಹಾಕಿ, ನಿಧಾನಕ್ಕೆ ಓಡಿಸಬೇಕು. ಇನ್ನೊಂದು ಅಪಾಯವಿದೆ. ಕಿಣ್ವ ಅರೆಬರೆ ಕೆಲಸ ಮಾಡಿದರೆ ಸಿಸಿ ಇರುವವರೂ ಸಿಟಿಯಂತೆ ಕಾಣುತ್ತಾರೆ. ಅದನ್ನು ಹಿಡಿಯಲು ಈ ತುಂಡಿನಲ್ಲೇ ದಾರಿ ಇದೆ. ಅಕ್ಷರ ಯಾವುದೇ ಇರಲಿ, ಕಿಣ್ವ ಇನ್ನೊಂದು ಕಡೆ ಕತ್ತರಿಸಿ 82ರ ಬ್ಯಾಂಡ್ ಕೊಡಲೇಬೇಕು. ಹಾಗಾಗಿ ನಾನು ಮೊದಲು ನೋಡುತ್ತಿದ್ದುದು ಮೇಲುಗಡೆ ಕತ್ತರಿಸದ 242 ಉಳಿದಿದೆಯಾ ಅಂತ. ಉಳಿದಿದ್ದರೆ ಆ ಸ್ಯಾಂಪಲ್ ಮತ್ತೆ ಮಾಡಲೇಬೇಕು. ಗೊತ್ತಿರುವ ಸಿಸಿ ಮತ್ತು ಟಿಟಿ ಡಿಎನ್‌ಎ ಪಕ್ಕದಲ್ಲೇ ಓಡಿಸದೆ ಯಾವ ರಿಪೋರ್ಟಿಗೂ ಸಹಿ ಹಾಕಬಾರದು.

ರಿಪೋರ್ಟಿನಲ್ಲಿ ‘ಕೆಟ್ಟ ಜೀನ್’ ಅನ್ನುವ ಧಾಟಿ ನನಗೆ ಒಪ್ಪಿಗೆಯಿಲ್ಲ. ಟಿಟಿ ಇದ್ದವರೂ ಗುಣವಾಗುತ್ತಿದ್ದರು. ನಮ್ಮ ದೇಶದಲ್ಲಿ ಜಾಸ್ತಿ ಇರುವುದು ವೈರಸ್ಸಿನ 3ನೇ ಮಾದರಿ. ಅದರಲ್ಲಿ ಈ ಅಕ್ಷರದ ಪ್ರಭಾವ 1ನೇ ಮಾದರಿಯಷ್ಟಿಲ್ಲ. ವೈರಸ್ಸಿನ ಮಾದರಿ ಗೊತ್ತಿಲ್ಲದೆ ಸುಮ್ನೆ ಸಿಟಿ, ಟಿಟಿ ಅಂದರೆ ಪೇಷೆಂಟ್ ಹೆದರುತ್ತಾರೆ, ಅಷ್ಟೇ.

2013ರಲ್ಲಿ ಪಕ್ಕದಲ್ಲೇ ಐಎಫ್‌ಎನ್‌ಎಲ್4 ಅನ್ನುವ ಹೊಸ ಜೀನ್ ಸಿಕ್ಕಿತು. ಅದರ ಪ್ರೋಟೀನ್ ತಯಾರಿಸಲಾಗದವರೇ ವೈರಸ್ಸನ್ನು ಚೆನ್ನಾಗಿ ಓಡಿಸುತ್ತಾರೆ! ನನಗೆ ಇದು ಇವತ್ತಿಗೂ ಅಚ್ಚರಿ.

2015ರಲ್ಲಿ ವೈರಸ್ಸನ್ನೇ ನೇರವಾಗಿ ತಡೆಯುವ ಸೋಫೋಸ್ಬುವಿರ್ ಔಷಧಿಯ ಜೆನೆರಿಕ್ ಮಾತ್ರೆ ಭಾರತಕ್ಕೆ ಬಂತು. ಈಗ ಬಹುತೇಕರಿಗೆ ಇಂಜೆಕ್ಷನ್ ಇಲ್ಲದೆ, 12 ವಾರದ ಮಾತ್ರೆಯಲ್ಲೇ ಗುಣ. ಔಷಧಿ ಕೊಡಲು ಐಎಲ್28ಬಿ ನೋಡಬೇಕಿಲ್ಲ. ಆದರೆ ತಾವಾಗೇ ಗುಣವಾದವರ ರಕ್ತದಲ್ಲೂ ಆಂಟಿಬಾಡಿ ಉಳಿದಿರುತ್ತದೆ. ಆಂಟಿಬಾಡಿ ಪಾಸಿಟಿವ್ ಬಂದ ಕೂಡಲೇ ‘ನಿಮಗೆ ಕಾಯಿಲೆ ಇದೆ’ ಅಂತ ಹೇಳಬೇಡಿ. ಆರ್‌ಎನ್‌ಎ ಟೆಸ್ಟ್ ಮಾಡಿಸಿ, ವೈರಸ್ ಈಗಲೂ ಇದೆಯಾ ನೋಡಿ, ಆಮೇಲೆ ಮಾತಾಡಿ.