ಮನೇಲಿ ಕಲ್ತಿದ್ದನ್ನ ನಾವೇ ಪರೀಕ್ಷೆ ಮಾಡೋದು ಹೇಗೆ

ದೇವರಿದಾನಾ ಇಲ್ವಾ ಅಂತ ಶುರು ಮಾಡ್ಬೇಡಿ, ಸುಸ್ತಾಗಿ ಬಿಟ್ಬಿಡ್ತೀರ. ಸುಲಭದ್ದೊಂದು ಹಿಡ್ಕೊಳ್ಳಿ, ರಾಹುಕಾಲ ಅನ್ಕೊಳ್ಳಿ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಅಂತ ಕ್ಯಾಲೆಂಡರ್ ನೋಡ್ದೇನೇ ಬಾಯಿಗೆ ಬರುತ್ತಲ್ಲ, ಅದು ಹೆಂಗೆ ಬಂತು ಅಂತ ಹುಡುಕಿ. ಹಗಲನ್ನ 8 ಭಾಗ ಮಾಡಿ ದಿನಕ್ಕೊಂದನ್ನ ರಾಹುಗೆ ಕೊಟ್ಟಿದಾರೆ, ಸೋಮವಾರ 2ನೇದು, ಶುಕ್ರವಾರ 4ನೇದು, ಹಿಂಗೆ. ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗಿದ್ರೆ ಮಾತ್ರ ಈ ಹತ್ತೂವರೆ ಸರಿಹೋಗುತ್ತೆ, ಅವನೋ ದಿನಾ 6ಕ್ಕೆ ಹುಟ್ಟಲ್ಲ, ಬೀದರ್‌ಗೂ ಮಂಗಳೂರಿಗೂ ಒಂದೇ ಟೈಮಿಗಂತೂ ಹುಟ್ಟಲ್ಲ. ಅಂದ್ರೆ ನಂಬೋರೂ ಎಷ್ಟೋ ದಿನ ತಪ್ಪು ಟೈಮಿಗೇ ಹೆದರ್ತಿದಾರೆ!

ಆಮೇಲೆ ಒಂದು ನೋಟ್‌ಬುಕ್ಕಲ್ಲಿ ಬರೀತಾ ಹೋಗಿ: ರಾಹುಕಾಲದಲ್ಲಿ ಶುರು ಮಾಡಿದ್ದು ಏನಾಯ್ತು, ಬೇರೆ ಹೊತ್ತಲ್ಲಿ ಮಾಡಿದ್ದು ಏನಾಯ್ತು. ಏನೂ ಆಗ್ದೇ ಇದ್ದ ದಿನಾನೂ ಬರೀಲೇಬೇಕು, ಯಾಕಂದ್ರೆ ಕೆಟ್ಟಿದ್ದು ಮಾತ್ರ ತಲೇಲಿ ಉಳಿಯುತ್ತೆ. ಎಚ್. ನರಸಿಂಹಯ್ಯನವರು ಬೆಂಗಳೂರು ಯೂನಿವರ್ಸಿಟಿ ವೈಸ್ ಚಾನ್ಸಲರ್ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿನೇ ಮಾಡಿದ್ರು. ನಿಮಗೆ ನೋಟ್‌ಬುಕ್ ಸಾಕು.

ಇದೆಲ್ಲ ಅಭ್ಯಾಸಕ್ಕೆ. ನಿಜವಾಗ್ಲೂ ಕಷ್ಟ ಆಗೋದು ಯಾರೂ ಬಾಯ್ಬಿಟ್ಟು ಹೇಳ್ಕೊಡದೇ ಇದ್ದಿದ್ರಲ್ಲಿ. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಕಿಟಕಿ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿರ್ತಾರೆ, ಕೆಲಸದ ಅಕ್ಕನ ಕಾಫಿಗೆ ಅಂತ. ಯಾಕೆ ಅಂತ ಬರೀರಿ. ಕ್ಲೀನು ಅಂತ ಬರೆದ್ರಾ? ಮಿಕ್ಕಿದ್ ಲೋಟಗಳನ್ನೆಲ್ಲ ತೊಳೆಯೋದೇ ಅವರು, ಮತ್ತೆ ನೆಗಡಿ ಹಿಡ್ಕೊಂಡು ಬಂದ ಚಿಕ್ಕಪ್ಪಂಗೆ ಬೇರೆ ಲೋಟ ಇಟ್ಟಿರಲ್ಲ. ಇಲ್ಲಿ ಪಂಚಾಂಗದ ಲೆಕ್ಕ ನಡೆಯಲ್ಲ, ನಮ್ ಪದ್ಧತಿಯಿಂದ ನೋವಾಗ್ತಿರೋದು ಯಾರಿಗೆ ಅಂತ ಕೇಳ್ಕೋಬೇಕು, ಉತ್ತರ ಬರೆಯೋವಾಗ ಕೈ ನಡುಗಿದ್ರೆ ಸರಿಯಾದ ಜಾಗಕ್ಕೇ ಬಂದಿದೀರ.

ಹಂಗಂತ ಅಪ್ಪ ಹೌದು ಅಂದಿದ್ದಕ್ಕೆಲ್ಲ ಇಲ್ಲ ಅನ್ನೋದೂ ಸ್ವಂತ ಯೋಚನೆ ಅಲ್ಲ, ಆಗ್ಲೂ ತೀರ್ಮಾನ ಮಾಡ್ತಿರೋದು ಅಪ್ಪನೇ. ಚಪ್ಪಲಿ ಹೊರಗೆ ಬಿಡೋದು, ತಟ್ಟೇಲಿ ಅನ್ನ ಬಿಡದೇ ಇರೋದು, ಇವನ್ನ ನಾನೂ ಬಿಟ್ಟಿಲ್ಲ.

ಹಬ್ಬದೂಟದ ಮಧ್ಯೆ ಅಜ್ಜಿ ಜೊತೆ ವಾದಕ್ಕಿಳೀಬೇಡಿ ಮಾರಾಯ್ರೇ, ಎಲ್ಲರ ಊಟ ಕೆಡುತ್ತೆ. ಸುಮ್ನೆ ನಾಳೆಯಿಂದ ಕೆಲಸದ ಅಕ್ಕಂಗೆ ಕೈಗೆ ಸಿಕ್ಕಿದ್ ಲೋಟದಲ್ಲಿ ಕಾಫಿ ಕೊಡಿ. ಅಕ್ಕನೇ ಬೇಡ, ನನ್ ಲೋಟದಲ್ಲೇ ಕೊಡಿ ಅನ್ಬೋದು, ಕೆಲಸ ಹೋಗೋ ಭಯ ಅವರಿಗೆ. ಅವರನ್ನ ಬಲವಂತ ಮಾಡ್ಬೇಡಿ, ಮೊದ್ಲು ಮನೆಯವರ ಹತ್ರ ನೀವೇ ಮಾತಾಡಿ.